ಮಣ್ಣಿನಾಚೆಯ ಟಾರ್ಚು

ಉಡಿಗಾಲ, ೯ ಏಪ್ರಿಲ್ ೧೯೫೬

ರಾಗಿ ಬೀಸಿದ್ದಾಯಿತು. ಎಮ್ಮೆ ಇವತ್ತೂ ಒದೆಯಿತು. ಇವರು ಆಗಲೇ ಬಾವಿಗೆ. ತಳದಲ್ಲಿ ಅಡ್ಡಕ್ಕೆ ಸುರಂಗ ಕೊರೆದರೆ ನೀರಿನ ಊಟೆ ಸಿಕ್ಕೀತಂತೆ. ಜೊತೆಗೆ ಆಳು ಲಿಂಗಯ್ಯ. ಒಳಗೆ ಹಗಲಲ್ಲೂ ಕತ್ತಲೆ. ಮೈಸೂರಲ್ಲಿ ಕೊಂಡ ಕೈಟಾರ್ಚು ಒಯ್ದರು— ಸೆಲ್ಲಿಲ್ಲದೆ, ಹಿಡಿ ಒತ್ತುತ್ತಿದ್ದರಷ್ಟೇ ಉರಿಯುವಂಥದು. ಮೈದುನ ನಂಜುಂಡಪ್ಪನಿಗೆ ಅದು ತಮಾಷೆ.

"ಜೀರುಂಡೆ ತರ ಗಿರಗುಟ್ತದ ಕಣಣ್ಣ ಅದು. ನನ್ ಬ್ಯಾಟ್ರಿ ತಕ್ಕೊ."

"ನಿನ್ ಸೆಲ್ಲು ಮುಗುದ್ರ ಚಾಮರಾಜನಗರಕ್ಕ ಓಡ್ಬೇಕು. ಇದ್ಕ ಕೈ ಒಂದಿದ್ರ ಸಾಕು ಕಣ್ಲಾ."

ಅದೇ ದಿನ, ಸಂಜೆ

ಸುರಂಗದ ಬಾಯಿ ಕುಸಿದಿದೆ. ಇಬ್ಬರೂ ಒಳಗೆ.

ನಂಜುಂಡಪ್ಪನ ಬ್ಯಾಟರಿ ಬೆಳಕಲ್ಲೇ ಅಗೆದರು. ಅದು ಕೆಂಪಗಾಗಿ ಆರಿತು. ಸೆಲ್ಲಿಗೆ ಸೈಕಲ್ ಕಳಿಸಿದ್ದೇವೆ. ಕತ್ತಲಲ್ಲಿ ಎಲ್ಲರೂ ಸುಮ್ಮನಾದಾಗ, ಮಣ್ಣಿನ ಆಚೆಯಿಂದ— ಗಿರ್... ಗಿರ್...

ಬದುಕಿದ್ದಾರೆ!

೧೦ ಏಪ್ರಿಲ್

ನನ್ನನ್ನೂ ಹಗ್ಗ ಕಟ್ಟಿ ಇಳಿಸಿದರು. ಲಿಂಗಯ್ಯನ ಹೆಂಡತಿ ದೊಡ್ಡಮಲ್ಲಮ್ಮ ಮೊದಲೇ ಅಲ್ಲಿ, ಮಣ್ಣಿಗೆ ಕಿವಿ ಹಚ್ಚಿ. "ನಮ್ಮವ್ರ ಕೈ ಕಣ್ರವ್ವ ಅದು" ಎಂದಳು. ಇವರ ಕೈ ಎಂದು ನನಗೆ ಗೊತ್ತು. ವಾದಿಸಲಿಲ್ಲ.

ಒಳಗಿಂದ ಮಾತು ಕೇಳಿಸದು, ದೂಳಿಗೆ ದನಿ ಹೋಗಿರಬೇಕು; ಟಾರ್ಚಿನ ಸದ್ದೊಂದೇ. ನಾನೇ ಕೂಗಿದೆ: "ಒಬ್ರೇ ಇದ್ರ ಒಂದ್ಸಲ ಒತ್ತಿ. ಇಬ್ರೂ ಇದ್ರ ಎರಡ್ಸಲ!"

ಬಹಳ ಹೊತ್ತು ಏನಿಲ್ಲ. ಆಮೇಲೆ— ಗಿರ್. ಗಿರ್.

ಇಬ್ಬರೂ ತಬ್ಬಿಕೊಂಡು ಅತ್ತೆವು. ಮುಟ್ಟಬಾರದ ಕೇರಿಯವಳನ್ನು ಮುಟ್ಟಿದ್ದು ಆಮೇಲೆ ನೆನಪಾಯಿತು.

೧೧ ಏಪ್ರಿಲ್

ಮತ್ತೆ ಕುಸಿಯಿತು. ಸೆಲ್ ನಿನ್ನೆಯೇ ಬಂದಿತ್ತು. ಕುಸಿಯದಂತೆ ಆನಿಕೆ ಕೊಡಲು ಗುಂಡ್ಲುಪೇಟೆಯಿಂದ ಹಲಗೆ ಲಾರಿ ಬಂದಿಲ್ಲ. ಅಗೆಯುವವರು ಹೆದರಿ ಹಿಂದೆ ಸರಿದರು. ನಂಜುಂಡಪ್ಪ ಅರಚಿದ: "ಒಳಗ ನಮ್ಮಣ್ಣ ಅವ್ನ ಕಣ್ರಲಾ! ಬರೀ ಆಳಾಗಿದ್ರ ನಾನೇ ಬುಟ್ಬುಡ್ರಲಾ ಅಂತಿದ್ದಿ!"

ದೊಡ್ಡಮಲ್ಲಮ್ಮ ಪಕ್ಕದಲ್ಲೇ ಇದ್ದಳು. ನಾನು ತುಟಿ ಬಿಚ್ಚಲಿಲ್ಲ.

ಸದ್ದು ನಿಧಾನವಾಗಿದೆ. ನಿಲ್ಲಬಾರದೆಂದು ಮಾತಾಡುತ್ತಲೇ ಇದ್ದೇನೆ. ಮದುವೆ, ತೀರಿಕೊಂಡ ಕೂಸು, ಇವರೆದುರು ಎಂದೂ ಆಡದ್ದೆಲ್ಲ. ಅಳು ಬಂದು ಮಾತು ನಿಂತರೆ ಒತ್ತುತ್ತಾರೆ.

೧೪ ಏಪ್ರಿಲ್

ಇವರಿಲ್ಲ.

ಹನ್ನೆರಡರಂದು ಹಲಗೆ ಕೊಟ್ಟು ಒಳಹೊಕ್ಕರು. ಲಿಂಗಯ್ಯ ಬದುಕಿದ್ದ— ಜಿನುಗುತ್ತಿದ್ದ ನೀರು ನೆಕ್ಕಿಕೊಂಡು. ಕೈ ಬಾತು ಟಾರ್ಚಿಗೇ ಅಂಟಿತ್ತು. ಇವರ ಮೇಲೆ ಬಂಡೆ. ಮೊದಲ ಕುಸಿತಕ್ಕೇ ಹೋಗಿದ್ದಾರೆ ಎಂದರು ಡಾಕ್ಟರು.

ಹೊಲದಲ್ಲಿ ಮಣ್ಣು ಮಾಡಿದೆವು. ಮಣ್ಣಿಂದ ತೆಗೆದು ಮತ್ತೆ ಮಣ್ಣಿಗೆ.

೧೭ ಏಪ್ರಿಲ್

ಚಾಮರಾಜನಗರದ ಆಸ್ಪತ್ರೆಗೆ ಹೋದೆ. ಬೇಡವೆಂದರೂ ಹೋದೆ. ಲಿಂಗಯ್ಯ ಎದ್ದು ಕೂರಲು ಒದ್ದಾಡಿದ.

"ಎರಡ್ಸಲ ಯಾಕೊತ್ತಿದೆ?"

ಗೋಡೆ ಕಡೆ ತಿರುಗಿದ. "ಬುದ್ಯೋರು ತೀರೋದ್ರು ಅಂತ ತಿಳುದ್ರ ಅಗಿಯಾದ ನಿಲ್ಲುಸ್ಬುಡ್ತಾರ ಅಂತ... ಬದುಕ್ಬೇಕು ಅನ್ನುಸ್ತು ಕಣ್ರವ್ವ."

"ನಾನಾಡಿದ್ದೆಲ್ಲ?"

"ಕೇಳ್ತಿತ್ತು. ನಾನು ಒತ್ತುದ್ರ ಸಮಾಧಾನ ಆಯ್ತಿದ್ರಿ. ಅದ್ಕೇ ಒತ್ತುದಿ."

ಹೊಡೆಯಬೇಕೆನಿಸಿತು. ನೀರು ಕೇಳಿದ. ಕುಡಿಸಿದೆ.

೧೮ ಏಪ್ರಿಲ್

ನಂಜುಂಡಪ್ಪ ಕೇಳಿಯೇಬಿಟ್ಟ. "ಅಣ್ಣ ಆಗ್ಲೇ ಓಗಿದ್ರ ಎರಡ್ಸಲ ಒತ್ತುದ್ದು ಯಾರು, ಅತ್ಗೆ?" ಕಣ್ಣಲ್ಲಿ ಕೆಂಡ.

"ಒತ್ತಿದ್ದು ಒಂದೇ ಸಲ. ನಾನೇ ತಪ್ಪು ಕೇಳಿಸ್ಕೊಂಡಿ" ಎಂದೆ.

ದೊಡ್ಡಮಲ್ಲಮ್ಮನಿಗೂ ಎರಡು ಕೇಳಿಸಿತ್ತು. ಅವಳು ಬಾಯಿ ಬಿಡುವುದಿಲ್ಲ.

ನಿಜ ತಿಳಿದಿದ್ದರೆ ನಂಜುಂಡಪ್ಪ ನಿಲ್ಲಿಸುತ್ತಿದ್ದ. ನಾನು ತಡೆಯುತ್ತಿದ್ದೆ ಎಂದು ಬರೆದೆ. ಆ ಸಾಲು ಹೊಡೆದು ಹಾಕಿದೆ. ಮತ್ತೆ ಬರೆಯುತ್ತೇನೆ. ಇವರಿಲ್ಲವೆಂದು ಗೊತ್ತಾದ ಮೇಲೂ ನಾನು ಆ ಬಾವಿಯ ಹತ್ತಿರ ನಿಂತು ಲಿಂಗಯ್ಯನಿಗಾಗಿ ಅಗೆಸುತ್ತಿದ್ದೆನೇ? ಈ ಸಾಲು ಮುಗಿಯುತ್ತಿಲ್ಲ.