ದೇವರ ಮುಂದಿನ ಪಿಸುಮಾತು

ಅಕ್ಕಾ,

ಅಡುಗೆ ಒಲೆ ಮೇಲಿದೆ, ಬಿಸಿ ಮಾಡ್ಕೊ. ಹಾರ್ಮೋನಿಯಂ ಮಂಚದ ಕೆಳಗೆ ತಳ್ಳಿದ್ದೀನಿ, ಹೊರಗೆ ತೆಗೀಬೇಡ. ನೋಡಿದರೆ ಹೊಟ್ಟೆ ಉರಿಯುತ್ತೆ.

ಗಂಟಲಿನ ಗಂಟು ಇನ್ನೂ ದಪ್ಪ ಆಗಿದೆಯಂತೆ. "ಮಾತಾಡಿದ್ರಾ?" ಅಂತ ಡಾಕ್ಟರು ರೇಗಿದರು. ಬೆಳಗ್ಗೆ ದೇವರ ಮುಂದೆ ಪಿಸುಗುಟ್ಟೋದು ಬಿಟ್ಟರೆ ತಿಂಗಳಿಂದ ತುಟಿ ಬಿಚ್ಚಿಲ್ಲ ಅಂತ ಬರೆದು ತೋರಿಸಿದೆ. ಅದೇ ಕೆಡಿಸಿದ್ದಂತೆ, ಮಾತಿಗಿಂತ ಪಿಸುಮಾತೇ ಗಂಟಲಿಗೆ ದೊಡ್ಡ ಏಟಂತೆ. ಗಂಟಲು ಉಳಿಸಪ್ಪಾ ಅಂತ ಬೇಡಿ ಬೇಡಿಯೇ ಅದನ್ನು ಹಾಳು ಮಾಡ್ಕೊಂಡೆ.

ಶನಿವಾರದ ಕಛೇರಿಯವರಿಗೆ ಫೋನ್ ಮಾಡಿ, ಹಾಡೋಕೆ ಬೇರೆಯವರನ್ನು ನೋಡ್ಕೊಳ್ಳಿ ಅಂತ ನೀನೇ ಹೇಳು. ನಾನು ಪಾರ್ಕಲ್ಲಿ ಕೂತಿದ್ದು ಊಟದ ಹೊತ್ತಿಗೆ ಬರ್ತೀನಿ.

ನಿನಗೆ ದೇವರ ಮೇಲೆ ನಂಬಿಕೆ ಇಲ್ಲ, ಗೊತ್ತು. ಆದರೆ ಗಂಟಲಿದೆ. ಒಂದೇ ಒಂದ್ಸಲ ನನ್ನ ಪರವಾಗಿ ಅವನ ಮುಂದೆ ನಿಂತು ಕೇಳು. ಬೈದರೂ ಸರಿ, ಜೋರಾಗಿ.