ಕಂಬದಿಂದ ಮೂರನೆಯ ಬಿಲ

ಅಕ್ಟೋಬರ್ 3, ಬೆಳಿಗ್ಗೆ 6
ಕಾಫಿ ಆಯಿತು. ಗಾಳಿ ಇಲ್ಲ — ಡಕೋಟದಲ್ಲಿ ಇದೇ ಹಬ್ಬ. ಬಿಲದೊಳಗೆ ವಿಷಗಾಳಿ ಬಿಡುವ ಮಾತ್ರೆ ಹಾಕಲು ಒಳ್ಳೆಯ ದಿನ. ಪಶ್ಚಿಮದ ಹುಲ್ಲುಗಾವಲಿನಲ್ಲಿ ನೂರ ಅರವತ್ತು ಬಿಲ, ಎಲ್ಲ ಪ್ರೇರಿ ನಾಯಿಗಳದ್ದು. ಹೆಸರಿಗೆ ನಾಯಿ, ಅಸಲಿಗೆ ಕೊಬ್ಬಿದ ಅಳಿಲು. ಆ ಬಿಲದಲ್ಲೇ ನನ್ನ ಕುದುರೆ ಕಾಲು ಮುರಿದುಕೊಂಡದ್ದು. ಅದಕ್ಕೆ ಗುಂಡಿಕ್ಕಿದ್ದು ನಾನೇ. ಮರೆತಿಲ್ಲ.

ದಿಬ್ಬದ ಮೇಲೆ ಒಂದು ಕಾವಲು ನಿಂತಿರುತ್ತದೆ. ಅದು ಬೊಗಳಿದರೆ ಎಲ್ಲವೂ ಒಳಗೆ. ಹದ್ದು ಬಂದರೂ ಒಳಗೆ, ತೋಳದಂಥ ಕಯೋಟಿ ಬಂದರೂ ಒಳಗೆ. ಒಳಗಿದ್ದರೆ ಕ್ಷೇಮ ಎಂದು ನಂಬಿವೆ, ಪೆದ್ದು ಮುಂಡೇವು. ಒಳಗಟ್ಟಲು ನನ್ನ ಹೆಂಡತಿ ಇಡೆಲ್ಲಾಳ ಪಿಪ್ ಸಾಕು — ಗಿಡ್ಡ ಕಾಲಿನ ಉದ್ದ ನಾಯಿ. ಆಮೇಲೆ ಮಾತ್ರೆ, ಮುದುರಿದ ಪೇಪರ್, ಮಣ್ಣು.

"ಸತ್ತ ಅಕ್ಕ ಕೊಟ್ಟ ನಾಯಿ ಕಣ್ರೀ, ಹುಷಾರು," ಎಂದಳು ಇಡೆಲ್ಲಾ. ದಿನಕ್ಕೆ ಹತ್ತು ಸಲ ಇದೇ ಮಾತು. ನನ್ನ ಕುರ್ಚಿಯಲ್ಲೇ ಮಲಗಿ ನನಗೇ ಗುರ್ ಎನ್ನುತ್ತದೆ ಅದು.

ಸಂಜೆ
ಮುಗಿಯಿತು. ಬೇಲಿ ಕಂಬದಿಂದ ಮೂರನೆಯದು, ನೆಲ ತೋಡಿ ಬೇಟೆಯಾಡುವ ಬ್ಯಾಡ್ಜರ್ ಕೆರೆದು ಅಗಲ ಮಾಡಿದ್ದ ಬಿಲ... ಪೇಪರ್ ತುರುಕಿದರೆ ಒಳಗಿನಿಂದ ತಳ್ಳಿತು. ಕುಂಯ್ ಎಂದಿತು. ಇನ್ನೆರಡು ಸಲಿಕೆ ಮಣ್ಣು ಹಾಕಿ ತುಳಿದೆ.
ಪಿಪ್ ಕಾಣಲಿಲ್ಲ. ಮನೆಗೆ ಹೋಗಿರಬೇಕು.

ಅಕ್ಟೋಬರ್ 4
ಬಂದಿಲ್ಲ. "ಕಯೋಟಿ ಹೊತ್ಕೊಂಡು ಹೋಗಿರುತ್ತೆ, ಬಿಡೇ," ಎಂದೆ.
"ರಕ್ತ ಎಲ್ಲಿ? ಕೂದಲೆಲ್ಲಿ?"
ಬೀನ್ಸ್ ಇನ್ನಷ್ಟು ಬಡಿಸಿಕೊಂಡೆ.

ಅಕ್ಟೋಬರ್ 7
ಮೂರು ದಿನ ಟ್ರಕ್ಕಿನಲ್ಲಿ ಸುತ್ತಿ ಕೂಗಿ ಬಂದಳು. ದನಿ ಬಿದ್ದುಹೋಗಿದೆ. ಊಟಕ್ಕೆ ಕೂತಾಗ ಕೇಳಿದಳು, "ಬಿಲ ಮುಚ್ಚೋವಾಗ ಏನಾದ್ರೂ ಕೇಳಿಸ್ತೇನ್ರೀ?"
"ಪ್ರೇರಿ ನಾಯಿ ಬೊಗಳ್ತಿದ್ವು."
"ಬರೀ ಬೊಗಳ್ತಿದ್ವಾ?"
"ಹೂಂ."

ಅವು ಬೊಗಳುತ್ತವೆ. ಕುಂಯ್‌ಗುಡುವುದಿಲ್ಲ. ನಲವತ್ತು ವರ್ಷ ಕೇಳಿದ ಕಿವಿ ಇದು. ತುಳಿಯುವಾಗಲೇ ಗೊತ್ತಿತ್ತು.

ಅಕ್ಟೋಬರ್ 8
ಸಲಿಕೆ ಎತ್ತಿಕೊಂಡಳು. "ಒಂದೊಂದೂ ಅಗೀತೀನಿ."
"ತಲೆ ಕೆಟ್ಟಿದೆಯೇನೇ? ಒಳಗೆ ವಿಷ ಇದೆ!"
"ಇಷ್ಟು ವರ್ಷ ನಿಮ್ಜೊತೆ ಬಾಳಿಲ್ವಾ?"
ಆಚೆ ತುದಿಯಿಂದ ಶುರು ಮಾಡಿದ್ದಾಳೆ. ದಿನಕ್ಕೆ ಇಪ್ಪತ್ತು ಆದೀತು. ಹಿಮ ಬಿದ್ದರೆ ನೆಲ ಕಲ್ಲಾಗುತ್ತದೆ. ಕಾಯುತ್ತೇನೆ.

ಅಕ್ಟೋಬರ್ 15, ಮಧ್ಯಾಹ್ನ 3
ಹಿಮ ಬೀಳಲೇ ಇಲ್ಲ. ಅಡುಗೆಮನೆ ಕಿಟಕಿಯಿಂದ ಕಾಣುತ್ತಿದೆ. ಕಂಬದ ಹತ್ತಿರ ಬಂದಳು. ಮೂರನೆಯದರ ಮುಂದೆ ಮಂಡಿಯೂರಿದಳು. ಪೇಪರ್ ಎಳೆದಳು. ಸಲಿಕೆ ಬಿಟ್ಟು ಕೈಯಲ್ಲೇ ಕೆರೆಯುತ್ತಿದ್ದಾಳೆ...

ಮಡಿಲಲ್ಲಿ ಏನೋ ಇದೆ. ಅಳುತ್ತಿಲ್ಲ. ಮನೆಯ ಕಡೆ ನೋಡಿದಳು.

ಎದ್ದಳು. ಅದನ್ನು ಅಲ್ಲೇ ಮಲಗಿಸಿ ಸಲಿಕೆ ತೆಗೆದುಕೊಂಡು ಬರುತ್ತಿದ್ದಾಳೆ. ನಿಧಾನವಾಗಿ. ಎರಡೂ ಬಾಗಿಲಿಗೆ ಚಿಲಕ ಹಾಕಿದೆ. ಒಳಗಿದ್ದರೆ —