ಉಸಿರು ತೆಗೆದುಕೊಳ್ಳುವ ಜಾಗ

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಪೀಪಿ,

ನಿನ್ನ ಕಾಗದ ಬಂದು ಇಪ್ಪತ್ತಾರು ದಿನವಾಯಿತು. ಅಕ್ಕ ಸತ್ತಳೋ ಬದುಕಿದ್ದಾಳೋ ಅಂತ ಬೈದುಕೊಂಡಿರುತ್ತೀಯ. ಬದುಕಿದ್ದೇನೆ ಕಣೇ. ಮಂಡಿನೋವು ಬಿಟ್ಟರೆ ಚೆನ್ನಾಗಿಯೇ ಇದ್ದೇನೆ. ನಿನ್ನ ಭಾವನೂ ಚೆನ್ನಾಗಿದ್ದಾರೆ. ಮೊನ್ನೆ ಹಲ್ಲು ಕೀಳಿಸಿಕೊಂಡು ಬಂದು ಎರಡು ದಿನ ಬಾಯಿ ಬಿಡಲಿಲ್ಲ, ಮನೆ ಎಷ್ಟು ನೆಮ್ಮದಿಯಾಗಿತ್ತು ಅಂತೀಯಾ! ತಡವಾಗಿದ್ದಕ್ಕೆ ಅಂಗಡಿಯಲ್ಲಿ ಕೆಲಸ ಜಾಸ್ತಿ ಅಂತ ಸುಳ್ಳು ಹೇಳಬಹುದಿತ್ತು. ಹೇಳುವುದಿಲ್ಲ. ನಿನ್ನ ಕಾಗದವನ್ನು ನಂಬುವುದೋ ಬಿಡುವುದೋ ತಿಳಿಯದೆ ಇಷ್ಟು ದಿನ ಕೂತಿದ್ದೆ. ಹೊಟ್ಟೆಗೆ ಹಾಕಿಕೋ.

ಫೋನಿನಲ್ಲಿ ಹಾಡಿನ ಮಾತೆತ್ತಿದರೆ ನಾನು ಇಟ್ಟುಬಿಡುತ್ತೇನೆ ಅಂತ ಕಾಗದ ಬರೆದಿದ್ದೀಯ, ಜಾಣೆ. ಬರೆದಿದ್ದು ನಾಲ್ಕೇ ಸಾಲು. ಅಪ್ಪನಿಗೆ ಪ್ರಾಣವಾಗಿದ್ದ ದೋಣಿಯವನ ಹಾಡನ್ನು ಹೊಸ ಆಲ್ಬಮ್‌ಗೆ ಹಾಡುತ್ತೀಯಂತೆ. ಏಪ್ರಿಲ್‌ನಲ್ಲಿ ರೆಕಾರ್ಡಿಂಗ್ ಅಂತೆ. "ಅಕ್ಕಾ, ನೀನು ಬಂದು ಪಕ್ಕದಲ್ಲಿ ನಿಂತು ಹಾಡಿದ್ರೆ ಸಾಕು, ಬೇರೇನೂ ಕೇಳಲ್ಲ" ಅಂತೆ. ಐದು ವರ್ಷ ಒಬ್ಬಳೇ ಹಾಡಿ ಹೆಸರು ಮಾಡಿದವಳಿಗೆ ಇದ್ದಕ್ಕಿದ್ದಂತೆ ಅಕ್ಕನ ನೆನಪು ಯಾಕೆ ಬಂತು? ಇದು ನಿನ್ನ ತಲೆಯಲ್ಲೇ ಹುಟ್ಟಿದ್ದೋ, ಇಲ್ಲಾ ನಿನ್ನ ಆಲ್ಬಮ್ ಮಾಡುವ ಆ ಕಂಪನಿಯ ಕನ್ನಡಕದವನು ಹುಟ್ಟಿಸಿದ್ದೋ? ಬೇರೆಯಾದ ಅಕ್ಕ ತಂಗಿ ಮತ್ತೆ ಒಂದಾದರು ಅಂತ ಗೋಡೆಗೋಡೆಗೆ ಪೋಸ್ಟರ್ ಅಂಟಿಸಲು ಚೆನ್ನಾಗಿರುತ್ತದಲ್ಲ! ಅದೂ ಹೋಗಲಿ, "ಬೇರೇನೂ ಕೇಳಲ್ಲ" ಅಂದರೆ ಏನರ್ಥ? ಬೇರೆ ಕೇಳುವುದಕ್ಕೆ ಏನಿದೆ? ಆ ಒಂದು ಮಾತು ಹಿಡಿದುಕೊಂಡು ಎಷ್ಟು ದಿನ ತಲೆ ಕೆಡಿಸಿಕೊಂಡೆ ಗೊತ್ತಾ?

ನಮ್ಮ ಟೈಲರ್ ಅಂಗಡಿಯ ರೇಡಿಯೋ ಬೆಳಿಗ್ಗೆ ಒಂಬತ್ತಕ್ಕೆ ಶುರುವಾದರೆ ಬಾಗಿಲು ಹಾಕುವವರೆಗೂ ನಿಲ್ಲುವುದಿಲ್ಲ. ನಿನ್ನ ಆ ಡಬಡಬ ಹಾಡು ದಿನಕ್ಕೆ ಐದಾರು ಸಲ ಬರುತ್ತದೆ. ಇಸ್ತ್ರಿಯವನಿಗೆ ಅದೇ ಅಚ್ಚುಮೆಚ್ಚು. ಪ್ಯಾಂಟು ಗಿಡ್ಡ ಮಾಡಿಸಲು ಬರುವ ಕಾಲೇಜು ಹುಡುಗಿಯರಿಗೂ ಅದೇ. ಮೂರನೆಯ ಸಾಲಿನ ನಡುವೆ ನಿನ್ನ ದನಿ ತಟ್ಟನೆ ನಿಂತು ಬರೀ ಡ್ರಮ್ ಕೇಳಿಸುತ್ತದಲ್ಲ, ಅಲ್ಲಿ ಆ ಹುಡುಗಿಯರು ಕೈ ಮೇಲೆತ್ತಿ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಪೇಪರಿನವರು ಅದನ್ನು ಹೊಸ ಶೈಲಿ ಅಂತ ಬರೆದರು. ಶೈಲಿಯಂತೆ, ಮಣ್ಣಾಂಗಟ್ಟಿ!

ಮೊದಲ ದಿನ ಕೇಳಿದಾಗಲೇ ನನ್ನ ಕೈಲಿದ್ದ ಕತ್ತರಿ ನಿಂತುಬಿಟ್ಟಿತು. ಅದು ನನ್ನ ಜಾಗ. ಅಮ್ಮ ನಮಗೆ ಕಲಿಸಿದ್ದೇ ಹಾಗಲ್ಲವಾ, ಒಬ್ಬಳು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬಳು ಸಾಲು ಹಿಡಿಯಬೇಕು, ಹಾಡು ಎಲ್ಲೂ ತುಂಡಾಗಬಾರದು. ತುಂಡಾದರೆ ಒಳಮನೆಯಿಂದ "ಯಾರೇ ಬಿಟ್ಟಿದ್ದು?" ಅಂತ ಕೂಗುತ್ತಿದ್ದಳು. ಬಿಟ್ಟಿದ್ದು ನೀನೇ ಆಗಿದ್ದರೂ ಬೈಸಿಕೊಳ್ಳುತ್ತಿದ್ದುದು ನಾನು, ಅದಿರಲಿ. ರೇಡಿಯೋದಲ್ಲಿ ಕೇಳುತ್ತಾ ಕೇಳುತ್ತಾ ಲೆಕ್ಕ ಹಾಕಿದೆ. ನಿಂತ ಜಾಗ ಒಂಬತ್ತು. ಒಂಬತ್ತೂ ನಾನು ಹಿಡಿಯಬೇಕಾದ ಜಾಗಗಳೇ. ಅಕ್ಕನನ್ನು ಬಿಟ್ಟುಹೋಗಿದ್ದಲ್ಲದೆ, ಅವಳಿಲ್ಲದ ಜಾಗವನ್ನು ಊರಿಗೆಲ್ಲ ತೋರಿಸಿ ಚಪ್ಪಾಳೆ ಹೊಡೆಸಿಕೊಳ್ಳುತ್ತಿದ್ದಾಳೆ ಅಂತ ಮೈ ಉರಿದುಹೋಯಿತು.

ಕಾಜಾ ಅಜ್ಜಿಯ ಹತ್ತಿರ ಹೇಳಿಕೊಂಡೆ. ಅಂಗಡಿಯಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುತ್ತಾಳಲ್ಲ, ಅವಳೇ. ದಾರ ಕಚ್ಚಿ ತುಂಡು ಮಾಡಿ ಹೇಳಿದಳು, "ಅಲ್ಲಮ್ಮಾ, ಗಿರಾಕಿ ಹೇಳಿದ ಅಳತೆಗೆ ನಾವು ಹೊಲಿಯಲ್ವಾ? ಜನ ಕೇಳಿದ್ದನ್ನ ಹಾಡಿದ್ರೆ ನಿನ್ನ ತಂಗಿ ಏನು ಕೊಲೆ ಮಾಡಿದಂಗಾ?"

"ಅಳತೆ ಗಿರಾಕೀದು ಅಜ್ಜಿ, ಹೊಲಿಗೆ ನಂದು. ದೂರ ದೂರ ಹೊಲಿಗೆ ಹಾಕು ಅಂದ್ರೆ ಹಾಕಿಕೊಡ್ತೀನಾ?"

"ಹೋದ ವಾರ ಕೊಟ್ಟೆಯಲ್ಲ, ಆ ನಾಟಕದವರ ಬಟ್ಟೆಗೆ!"

ಕೊಟ್ಟಿದ್ದೆ, ನಿಜ. ಇಸ್ತ್ರಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಗು ಬರಲಿಲ್ಲ.

ಇನ್ನು ಮುಂದಿನದನ್ನು ಓದಿ ಕೂಗಾಡಬೇಡ. ಹೋದ ಬುಧವಾರ ಅರ್ಧ ದಿನ ರಜೆ ಹಾಕಿ ನಿನ್ನ ಊರಿಗೆ ಬಂದಿದ್ದೆ. ನಿನ್ನ ಮನೆಗೆ ಬರಲಿಲ್ಲ. ಸೀದಾ ಸ್ಟುಡಿಯೋಗೆ ಹೋದೆ. ಆ ಒಂಬತ್ತು ಜಾಗಕ್ಕೆ ನೀನು ಯಾರನ್ನೋ ಹಾಡಿಸಿ ಆಮೇಲೆ ಅಳಿಸಿಹಾಕಿದ್ದೀಯ ಅಂತ ನನಗೆ ಗಟ್ಟಿ ಅನುಮಾನ. ಅಲ್ಲಿ ರೆಕಾರ್ಡಿಂಗ್ ನೋಡಿಕೊಳ್ಳುವ ದಪ್ಪ ಮೀಸೆಯವನಿದ್ದಾನಲ್ಲ, ಅವನ ಎದುರು ಕೂತು, ನಾನು ಇವಳ ಅಕ್ಕ, ಆ ಖಾಲಿ ಜಾಗದಲ್ಲಿ ಯಾರ ದನಿಯಿತ್ತು ಹೇಳಿ ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ತನ್ನ ಟೀ ನನ್ನ ಮುಂದೆ ತಳ್ಳಿದ.

"ಯಾರದ್ದೂ ಇರ್ಲಿಲ್ಲ ಮೇಡಂ. ಅವರು ಅಲ್ಲಲ್ಲಿ ತಾವೇ ನಿಂತುಬಿಡೋರು. ಎಷ್ಟು ಸಲ ಹಾಡಿಸಿದ್ರೂ ಅಷ್ಟೇ. ಅಲ್ಲಿ ನಂಗೆ ಉಸಿರು ತಗೊಂಡೇ ಅಭ್ಯಾಸ, ಹಾಡಿ ಗೊತ್ತಿಲ್ಲ ಅಂದ್ರು. ಕಂಪನಿಯವರು ಬೇರೆ ಯಾರನ್ನಾದ್ರೂ ಕರೆಸಿ ತುಂಬಿಸಿ ಅಂತ ಗಲಾಟೆ ಮಾಡಿದ್ರು. ನಿಮ್ಮ ತಂಗಿ ಡ್ರಮ್ಮಿಗೆ ಹೂಂ ಅಂದ್ರು, ಧಾಟಿ ಬದಲಾಯಿಸೋದಕ್ಕೆ ಹೂಂ ಅಂದ್ರು, ಹಾಕ್ಕೊಳ್ಳೋ ಬಟ್ಟೆಗೂ ಹೂಂ ಅಂದ್ರು. ಇದೊಂದಕ್ಕೆ ಮಾತ್ರ ಬಿಲ್‌ಕುಲ್ ಆಗಲ್ಲ ಅಂದ್ರು. ಆ ಜಾಗದಲ್ಲಿ ನಿಲ್ಲೋರು ಬೇರೆ ಇದ್ದಾರೆ, ಖಾಲಿ ಇದ್ರೆ ಖಾಲೀನೇ ಇರ್ಲಿ ಅಂತ ಕೂತ್ಕೊಂಡ್ರು. ಕೊನೆಗೆ ಕಂಪನಿಯವರೇ ಸೋತು, ಇದು ಹೊಸ ಶೈಲಿ ಅಂತ ಪೇಪರಿಗೆ ಹೇಳಿದ್ರು."

ಮೂರು ವರ್ಷದಿಂದ ದಿನಾ ಕೇಳಿ ಶಪಿಸಿದ ಹಾಡು ಕಣೇ ಅದು! ಬಸ್ಸಿನಲ್ಲಿ ಕೂತ ಮೇಲೆ, ಇದೂ ನೀನೇ ಅವನಿಗೆ ಹೇಳಿಕೊಟ್ಟ ಪಾಠವಿರಬಹುದಾ ಅಂತ ಒಂದು ಗಳಿಗೆ ಅನ್ನಿಸಿತು. ನಾನು ಬರುತ್ತೇನೆ ಅಂತ ನನಗೇ ಹಿಂದಿನ ದಿನದವರೆಗೆ ಗೊತ್ತಿರಲಿಲ್ಲ, ನಿನಗೆ ಹೇಗೆ ಗೊತ್ತಿರುತ್ತದೆ? ನನ್ನ ಬುದ್ಧಿ ಎಲ್ಲಿಗೆ ಬಂದು ನಿಂತಿದೆ ನೋಡು. ಆಮೇಲೆ ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಕಣ್ಣಿಗೆ ಧೂಳು ಬಿತ್ತೇನೋ ಅಂದುಕೊಂಡು ಕಿಟಕಿ ಮುಚ್ಚಿದಳು.

ಈಗ ನಿನ್ನ ಕಾಗದದ ಮಾತು. ಬರುತ್ತೇನೆ ಅಂತ ಮನಸ್ಸು ಮಾಡಿದ್ದೇನೆ. ಆದರೆ ಅಪ್ಪನ ಹಾಡಿಗೆ ಡಬಡಬ ಬೇಡ. ನೀನು ಬೇಕಾದ ಹಾಡಿಗೆ ಬೇಕಾದ್ದು ಬಾರಿಸಿಕೋ, ಕಾಜಾ ಅಜ್ಜಿಯ ಜೊತೆ ವಾದ ಮಾಡಿ ಮಾಡಿ ನನಗೂ ಸಾಕಾಗಿದೆ, ನಾನು ಇನ್ನು ಬೈಯುವುದಿಲ್ಲ. ಈ ಒಂದು ಹಾಡನ್ನು ಮಾತ್ರ ಅಪ್ಪ ವರ್ಕ್‌ಶಾಪಿನಲ್ಲಿ ಗಾಡಿಯ ಕೆಳಗೆ ಮಲಗಿ ಶಿಳ್ಳೆ ಹಾಕುತ್ತಿದ್ದ ಧಾಟಿಯಲ್ಲೇ ಹಾಡೋಣ. ನನ್ನ ದನಿ ಮೊದಲಿನ ಹಾಗಿಲ್ಲ. ಮೇಲೆ ಹೋದರೆ ಒಡೆಯುತ್ತದೆ. ಮೂರು ದಿನದಿಂದ ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಏನಾದರೂ ಕಾಯಿಲೆಯಾ ಅಂತ ನಿನ್ನ ಭಾವ ಬಾಗಿಲು ಬಡಿದು ಕೇಳಿದರು.

ಹೊತ್ತುಹೊತ್ತಿಗೆ ಊಟ ಮಾಡು. ತಣ್ಣನೆಯದು ಕುಡಿಯಬೇಡ, ಗಂಟಲು ಜೋಪಾನ. ನಿನ್ನ ದನಿ ನೂರು ವರ್ಷ ಹೀಗೇ ಇರಲಿ, ಯಾರ ಕೆಟ್ಟ ಕಣ್ಣೂ ಬೀಳದಿರಲಿ, ನನ್ನದೂ ಸೇರಿ.

ಇಂತಿ ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು. ಮತ್ತೆ ಹರಿದೆ. ಇದನ್ನು ಹೇಳದೆ ನಿನ್ನ ಪಕ್ಕದಲ್ಲಿ ನಿಂತರೆ ನನಗೆ ಹಾಡಲು ಆಗುವುದಿಲ್ಲ.

ಐದು ವರ್ಷದ ಹಿಂದೆ ಆ ಕನ್ನಡಕದವನು ನಿನ್ನನ್ನು ಕರೆಯುವ ಹಿಂದಿನ ದಿನ ನನ್ನ ಹತ್ತಿರ ಬಂದಿದ್ದ. ಅಂಗಡಿಗೇ ಬಂದಿದ್ದ. "ನಮಗೆ ಒಬ್ಬರೇ ಸಾಕು, ನಿಮ್ಮ ತಂಗೀನ ಬಿಟ್ಟು ಬರ್ತೀರಾ?" ಅಂತ ಕೇಳಿದ. ಅವನ ಮಾತು ಮುಗಿಯುವ ಮೊದಲೇ ಹೂಂ ಅಂದೆ. ಡ್ರಮ್ ಹಾಕ್ತೀವಿ, ಧಾಟಿ ಬದಲಾಯಿಸ್ತೀವಿ ಅಂದ. ಅದಕ್ಕೂ ಹೂಂ ಅಂದೆ. ಒಂದು ಹಾಡು ಹೇಳಿ ಅಂದ. ಹೇಳಿದೆ. ನೀನು ಹಿಡಿಯುವ ಜಾಗ ಬಂದಾಗಲೆಲ್ಲ ನಿಂತೆ. "ಪದ ಮರೆತುಹೋಯ್ತಾ?" ಅಂತ ಕೇಳಿ ನಕ್ಕು ಹೊರಟುಹೋದ.

ಮಾರನೇ ದಿನ ನೀನು ಓಡಿಬಂದು, "ಅಕ್ಕಾ, ನನ್ನೊಬ್ಬಳನ್ನೇ ಕರೀತಿದ್ದಾರೆ, ನೀನು ಬೇಡ ಅಂದ್ರೆ ಹೋಗಲ್ಲ" ಅಂದೆ. ನಾನು ಏನಂದೆ ಅಂತ ನಿನಗೆ ನೆನಪಿದ್ದೇ ಇರುತ್ತದೆ. ಅಮ್ಮ ಕಲಿಸಿದ ಹಾಡನ್ನು ಮಾರಿಕೊಳ್ಳುವವಳು ನನ್ನ ತಂಗಿಯೇ ಅಲ್ಲ ಅಂದೆ.

ಅವನು ಇದನ್ನು ನಿನಗೆ ಹೇಳಿದ್ದಾನಾ? ನೀನು ಫೋನ್ ಮಾಡಿದಾಗಲೆಲ್ಲ ನಿನ್ನ ಮಾತಿನಲ್ಲಿ ನಾನು ಹುಡುಕುತ್ತಿದ್ದುದು ಇದೊಂದನ್ನೇ. ಗೊತ್ತಿದ್ದೂ ಕರೆದೆಯೋ, ಗೊತ್ತಿಲ್ಲದೆ ಕರೆದೆಯೋ, ಈಗಂತೂ ಗೊತ್ತಾಯಿತು. ಇನ್ನು ನೀನೇ ಹೇಳು, ಬರಲಾ?